ನಿದ್ದೆ ಅಳೆಯುವ ಉಂಗುರ ಕೊಳ್ಳುವ ಮುನ್ನ: ದೊಡ್ಡಮ್ಮನ ಕಿವಿಮಾತು

ನಿದ್ದೆಗೆ ವಾಚು ಒಳ್ಳೆಯದೋ ಉಂಗುರ ಒಳ್ಳೆಯದೋ ಎಂದು ಕೇಳಿದ್ದೀಯಲ್ಲ ಪುಟ್ಟಿ, ಆಸ್ಪತ್ರೆಯಲ್ಲಿ ಮಿದುಳಿನ ಅಲೆ ಅಳೆಯುವ ಇಇಜಿ ಕೋಣೆಯಲ್ಲಿ ಕಂಡವರ ನಿದ್ದೆ ಕಾಯುತ್ತಲೇ ನಿವೃತ್ತಳಾದವಳು ನಾನು. ಒಂದೇ ಸಾಲಿನಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಈ ಸಾಧನಗಳು ನಿದ್ದೆಯ ಲೆಕ್ಕ ಇಡುತ್ತವೆಯೇ ಹೊರತು ನಿದ್ದೆ ತರಿಸುವುದಿಲ್ಲ. ಲೆಕ್ಕ ನೋಡಿ ನೀನು ಏನನ್ನಾದರೂ ಬದಲಾಯಿಸಿಕೊಂಡರೆ ಕೊಟ್ಟ ದುಡ್ಡು ಗಿಟ್ಟಿತು. ಇಲ್ಲವಾದರೆ ಅದೊಂದು ದುಬಾರಿ ಒಡವೆ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಓದು.

ಅಂಗಡಿಗೆ ಹೋಗುವ ಮುನ್ನ

• ಮೊದಲು ನಿನ್ನ ತೊಂದರೆ ಯಾವುದೆಂದು ಗೊತ್ತುಮಾಡಿಕೋ. ಮಲಗಿದರೂ ನಿದ್ದೆ ಹತ್ತುವುದಿಲ್ಲವೇ? ನಡುರಾತ್ರಿ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚುವುದಿಲ್ಲವೇ? ಎಂಟು ಗಂಟೆ ಮಲಗಿ ಎದ್ದರೂ ಸುಸ್ತೇ? ಅಥವಾ ಮಲಗುವುದೇ ಒಂದು ಗಂಟೆಗೆ, ಆರಕ್ಕೆ ಅಲಾರಾಂ ಎಂಬ ಕಥೆಯೇ? ದೊಡ್ಡವರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ನಿನ್ನದು ಈ ಕೊನೆಯ ಕಥೆಯಾದರೆ, ಐದೇ ಗಂಟೆ ಮಲಗಿದೆ ಎಂದು ಬೆಳಗ್ಗೆ ಹೇಳಿಸಿಕೊಳ್ಳಲು ಸಾವಿರಾರು ರೂಪಾಯಿ ಕೊಡಬೇಕಾಗಿಲ್ಲ.

• ಎರಡು ವಾರ ಒಂದು ಹಳೆಯ ಡೈರಿಯಲ್ಲಿ ಬರೆದಿಡು. ಮಲಗಿದ ಹೊತ್ತು, ನಿದ್ದೆ ಹತ್ತಿತು ಅನ್ನಿಸಿದ ಹೊತ್ತು, ಎಚ್ಚರವಾದದ್ದು, ಎದ್ದದ್ದು, ಹಗಲಲ್ಲಿ ತೂಕಡಿಸಿದ್ದು, ಕಾಫಿ ಕುಡಿದದ್ದು. ನಿದ್ದೆಯ ಡಾಕ್ಟರು ಮೊದಲು ಕೇಳುವುದೂ ಇದನ್ನೇ. ಮೈಯೊಳಗೆ ಹೋದ ಕೆಫೀನು ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಹಿಡಿಯುತ್ತದೆ. ಆಫೀಸಿನಿಂದ ಬಂದು ಆರಕ್ಕೆ ಕುಡಿದ ಫಿಲ್ಟರ್ ಕಾಫಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಇದು ಡೈರಿಯಲ್ಲೇ ಕಂಡುಬಂದರೆ ಉಂಗುರದ ದುಡ್ಡು ಉಳಿಯಿತು.

• ಅಗ್ಗದ್ದನ್ನು ಮೊದಲು ತೊಟ್ಟು ನೋಡು. ನಿದ್ದೆಗೆಂದು ಮೈಮೇಲೆ ಹಾಕಿಕೊಳ್ಳುವ ವಸ್ತುಗಳಲ್ಲಿ ಅತಿ ಅಗ್ಗವಾದವು ಕಣ್ಣಿಗೆ ಕಟ್ಟುವ ಬಟ್ಟೆಯ ಪಟ್ಟಿ ಮತ್ತು ಕಿವಿಗೆ ಇಡುವ ಫೋಮಿನ ಬಿರಡೆ. ನಿನ್ನ ಕಿಟಕಿಗೆ ಬೀದಿದೀಪ ಹೊಡೆಯುತ್ತದೆ, ಹಿಂದಿನ ರಸ್ತೆಯಲ್ಲಿ ರಾತ್ರಿಯಿಡೀ ಲಾರಿ ಓಡುತ್ತದೆ. ಬೆಳಕು, ಸದ್ದು ಎರಡೂ ನಿದ್ದೆಯನ್ನು ಹಗುರಾಗಿಸುತ್ತವೆ. ಅವನ್ನು ತಡೆಯುವುದಕ್ಕೆ ಬ್ಯಾಟರಿಯೂ ಬೇಡ, ಆ್ಯಪೂ ಬೇಡ.

ಅಳೆಯುವುದೆಷ್ಟು, ಊಹಿಸುವುದೆಷ್ಟು

• ಒಳಗಿರುವುದನ್ನು ತಿಳಿದುಕೋ. ವಾಚಿರಲಿ ಉಂಗುರವಿರಲಿ, ಒಳಗೆ ಮುಖ್ಯವಾಗಿ ಎರಡು ಸೆನ್ಸರು. ಒಂದು ನಿನ್ನ ಅಲುಗಾಟವನ್ನು ಹಿಡಿಯುತ್ತದೆ. ಇನ್ನೊಂದು ಚರ್ಮದ ಮೇಲೆ ಬೆಳಕು ಬಿಟ್ಟು, ರಕ್ತ ಹರಿದಂತೆ ಹಿಂದಿರುಗುವ ಬೆಳಕು ಹೆಚ್ಚುಕಡಿಮೆಯಾಗುವುದನ್ನು ನೋಡಿ ನಾಡಿಬಡಿತ ಎಣಿಸುತ್ತದೆ. ಕೆಲವದರಲ್ಲಿ ಚರ್ಮದ ಉಷ್ಣಾಂಶ ಮತ್ತು ರಕ್ತದ ಆಮ್ಲಜನಕ ನೋಡುವ ವ್ಯವಸ್ಥೆಯೂ ಉಂಟು. ಮಿಕ್ಕ ಚಿತ್ರ, ಬಣ್ಣದ ಪಟ್ಟಿ, ಅಂಕ ಎಲ್ಲವೂ ಇವುಗಳಿಂದ ಹೊರಡಿಸಿದ ಲೆಕ್ಕ.

• ಗಾಢನಿದ್ದೆ ಇಷ್ಟು ನಿಮಿಷ ಎಂಬುದನ್ನು ವೇದವಾಕ್ಯ ಮಾಡಿಕೊಳ್ಳಬೇಡ. ನಾವು ಲ್ಯಾಬಿನಲ್ಲಿ ತಲೆಗೆ ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸುತ್ತಿದ್ದೆವು. ಕಣ್ಣಿನ ಪಕ್ಕ, ಗಲ್ಲದ ಮೇಲೆ, ಕಾಲಿಗೆ ಬೇರೆ ತಂತಿ, ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿಗೆ ನಳಿಕೆ. ಆ ದಾಖಲೆಯನ್ನು 30 ಸೆಕೆಂಡಿನ ತುಂಡುಗಳಾಗಿ ನೋಡಿ ಯಾವ ಹಂತದ ನಿದ್ದೆಯೆಂದು ಗುರುತಿಸುತ್ತಿದ್ದರು. ಹಾಗೆ ನೋಡುವ ನುರಿತ ಇಬ್ಬರಿಗೂ ನೂರರಲ್ಲಿ ಸುಮಾರು ಎಂಬತ್ತು ತುಂಡುಗಳಲ್ಲಷ್ಟೇ ಒಮ್ಮತ. ಇನ್ನು ಮಿದುಳಿನ ಅಲೆಯನ್ನೇ ಕಾಣದ ಬೆರಳಿನ ಉಂಗುರ ಹೇಳುವ ಹಂತ, ಮುಚ್ಚಿದ ಬಾಗಿಲ ಹೊರಗೆ ನಿಂತು ಸದ್ದಿನಿಂದಲೇ ಒಳಗಿನ ಅಡುಗೆ ಏನೆಂದು ಹೇಳಿದ ಹಾಗೆ. ಎಷ್ಟೋ ಸಲ ಸರಿಯಿರುತ್ತದೆ, ಆದರೆ ಊಹೆ ಊಹೆಯೇ.

• ನೀನೇ ಒಂದು ಪರೀಕ್ಷೆ ಮಾಡು. ಸಾಧನ ತೊಟ್ಟು, ಎಚ್ಚರವಾಗಿದ್ದುಕೊಂಡೇ ಒಂದು ಗಂಟೆ ಕದಲದೆ ಮಲಗಿ ಪುಸ್ತಕ ಓದು. ಮಲಗುವ ಹೊತ್ತಿನಲ್ಲೇ ಮಾಡಿದರೆ ಇನ್ನೂ ಒಳ್ಳೆಯದು. ಅದನ್ನು ನಿದ್ದೆ ಎಂದು ಬರೆದುಕೊಂಡಿತೋ ನೋಡು. ನಿದ್ದೆಯನ್ನು ನಿದ್ದೆ ಎಂದು ಹಿಡಿಯುವುದರಲ್ಲಿ ಇವು ಚುರುಕು. ಕದಲದೆ ಸುಮ್ಮನೆ ಮಲಗಿರುವ ಎಚ್ಚರವನ್ನು ಹಿಡಿಯುವುದರಲ್ಲೇ ಸೋಲುವುದು. ನಿನ್ನ ತೊಂದರೆ ನಿದ್ದೆ ಹತ್ತದಿರುವುದೇ ಆಗಿದ್ದರೆ, ನಿನಗೆ ಬೇಕಾದ ಕಡೆಯೇ ಸಾಧನ ದುರ್ಬಲ ಎಂಬುದನ್ನು ಮರೆಯಬೇಡ.

• ಸ್ಕೋರ್ ಹೋಲಿಸಬೇಡ. ನಿನ್ನ ಉಂಗುರದ 82, ಗೆಳತಿಯ ವಾಚಿನ 74 ಇವೆರಡಕ್ಕೂ ಸಂಬಂಧವಿಲ್ಲ. ಒಂದೊಂದು ಕಂಪನಿ ಒಂದೊಂದು ಸೂತ್ರ ಇಟ್ಟುಕೊಂಡಿದೆ. ನೋಡಬೇಕಾದ್ದು ಮಲಗಿದ ಹೊತ್ತು, ಎದ್ದ ಹೊತ್ತು, ಒಟ್ಟು ನಿದ್ದೆ, ರಾತ್ರಿಯ ನಾಡಿಬಡಿತ. ಅದನ್ನೂ ವಾರದ ಸರಾಸರಿಯಲ್ಲಿ ನೋಡು. ತಡವಾಗಿ ಭರ್ಜರಿ ಊಟ ಮಾಡಿದ ರಾತ್ರಿ, ಪಾರ್ಟಿಯಲ್ಲಿ ಕುಡಿದು ಬಂದ ರಾತ್ರಿ, ಜ್ವರ ಬರುವ ಹಿಂದಿನ ರಾತ್ರಿ ನಾಡಿ ಏರುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಈ ಸಾಧನಗಳ ನಿಜವಾದ ಉಪಕಾರ ಇಲ್ಲಿದೆ.

• ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೋ. ದೊಡ್ಡವರ ರಾತ್ರಿಯಲ್ಲಿ ಗಾಢನಿದ್ದೆ ಹೆಚ್ಚುಕಡಿಮೆ ಶೇಕಡಾ 13ರಿಂದ 23, ಕನಸಿನ ನಿದ್ದೆ ಶೇಕಡಾ 20ರಿಂದ 25. ವಯಸ್ಸಾದಂತೆ ಗಾಢನಿದ್ದೆ ಇಳಿಯುತ್ತದೆ, ಎಚ್ಚರವಾಗುವುದು ಹೆಚ್ಚುತ್ತದೆ. ನಿಮ್ಮಪ್ಪನಿಗೆ ವಾಚು ಕೊಡಿಸಿ, ಅವರ ಪಟ್ಟಿಯನ್ನು ನಿನ್ನ ಪಟ್ಟಿಯ ಪಕ್ಕ ಇಟ್ಟು ಗಾಬರಿ ಹುಟ್ಟಿಸಬೇಡ.

• ಆಮ್ಲಜನಕದ ಅಂಕಿಯನ್ನು ಅನುಮಾನದಿಂದಲೇ ನೋಡು. ಬೆಳಕಿನಿಂದ ಆಮ್ಲಜನಕ ಅಳೆಯುವ ಆಸ್ಪತ್ರೆಯ ಸಾಧನಗಳೇ ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಮರುವರ್ಷ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ನಮ್ಮ ಮೈಬಣ್ಣಕ್ಕೆ ಅದು ದೂರದ ಮಾತಲ್ಲ. ಮಣಿಕಟ್ಟಿನಲ್ಲಿ ಹಚ್ಚೆ ಇದ್ದರೂ ವಾಚಿನ ಬೆಳಕಿಗೆ ಅಡ್ಡಿ.

• ಚುಚ್ಚದೆ ಸಕ್ಕರೆ ಅಳೆಯುತ್ತೇನೆ ಎನ್ನುವ ವಾಚು, ಉಂಗುರವನ್ನು ಕಣ್ಣೆತ್ತಿಯೂ ನೋಡಬೇಡ. ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಸಾರಿ ಹೇಳಿತು. ಅಷ್ಟು ದೊಡ್ಡ ಸುಳ್ಳು ಹೇಳುವ ಸಾಧನದ ನಿದ್ದೆಯ ಲೆಕ್ಕವನ್ನು ನಂಬುವುದು ಹೇಗೆ?

ವಾಚೋ, ಉಂಗುರವೋ, ತಲೆಪಟ್ಟಿಯೋ

• ವಾಚು ಕೈಯಲ್ಲಿದ್ದರೆ ಅದನ್ನೇ ಬಳಸು. ಹಗಲಿಗೂ ಉಪಯೋಗ, ನಿದ್ದೆಯ ಲೆಕ್ಕ ಅದರಲ್ಲೇ ಸಿಗುತ್ತದೆ. ತೊಂದರೆ ಎರಡು: ಮಲಗುವಾಗ ಭಾರ ಅನ್ನಿಸಬಹುದು, ದಿನಕ್ಕೊಮ್ಮೆ ಚಾರ್ಜ್ ಬೇಡುವ ವಾಚು ರಾತ್ರಿಯೇ ಗೋಡೆಗೆ ನೇತಾಡುತ್ತದೆ. ಸ್ನಾನಕ್ಕೆ ಹೋಗುವಾಗ ಚಾರ್ಜಿಗೆ ಹಾಕುವ ಅಭ್ಯಾಸವಾದರೆ ನಡೆದೀತು. ಪಕ್ಕದವರನ್ನು ಎಬ್ಬಿಸದೆ ಕೈಯಲ್ಲೇ ಗುರುಗುಟ್ಟಿ ಏಳಿಸುವ ಅಲಾರಾಂ ಮಾತ್ರ ನನಗೆ ಬಹಳ ಹಿಡಿಸಿದ ಸೌಲಭ್ಯ.

• ಉಂಗುರಕ್ಕೆ ಅಳತೆಯೇ ಪ್ರಾಣ. ಒಡವೆ ಅಂಗಡಿಯ ನಂಬರ್ ಹೇಳಿ ತರಿಸಬೇಡ. ಕಂಪನಿಯವರು ಕಳಿಸುವ ಅಳತೆಯ ಪೊಳ್ಳು ಉಂಗುರವನ್ನು ಒಂದು ಹಗಲು ಒಂದು ರಾತ್ರಿ ಹಾಕಿಕೊಂಡು ನೋಡು. ಬೆರಳು ಬೆಳಗ್ಗೆ ಒಂದು ಥರ, ಸೆಕೆಗೆ ಇನ್ನೊಂದು ಥರ ಇರುತ್ತದೆ. ಸಡಿಲವಾದರೆ ಸೆನ್ಸರಿಗೆ ಚರ್ಮ ಸಿಗದು, ಬಿಗಿಯಾದರೆ ಊದಿದ ಬೆರಳಿನಿಂದ ಬಿಚ್ಚುವುದೇ ಕಷ್ಟ. ಹಿಟ್ಟು ನಾದುವಾಗ, ಸ್ಕೂಟರ್ ಹಿಡಿಯುವಾಗ, ಜಿಮ್ಮಿನಲ್ಲಿ ಕಬ್ಬಿಣ ಎತ್ತುವಾಗ ತೆಗೆದಿಡು. ಎಂಆರ್‌ಐ ಕೋಣೆಗೆ ಹೋಗುವ ಮುನ್ನ ತಪ್ಪದೆ ತೆಗೆ.

• ನಿನ್ನ ಫೋನಿಗೆ ಹೊಂದುತ್ತದೆಯೇ ನೋಡು. ಆ್ಯಪಲ್ ವಾಚಿಗೆ ಐಫೋನೇ ಬೇಕು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ರಿಂಗ್ ಐಫೋನಿನ ಜೊತೆ ಕೆಲಸ ಮಾಡುವುದಿಲ್ಲ. ಮುಂದಿನ ವರ್ಷ ಫೋನ್ ಬದಲಿಸುವ ಯೋಚನೆ ಇದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕು.

• ತಲೆಗೆ ಕಟ್ಟುವ ಪಟ್ಟಿ ಮಿದುಳಿನ ಅಲೆಯನ್ನೇ ಹಿಡಿಯುತ್ತದೆ, ಹಾಗಾಗಿ ಹಂತಗಳ ವಿಷಯದಲ್ಲಿ ಉಂಗುರಕ್ಕಿಂತ ಸತ್ಯಕ್ಕೆ ಹತ್ತಿರ. ಆದರೆ ಎಣ್ಣೆ ಹಚ್ಚಿ ಜಡೆ ಹಾಕಿ ಮಲಗುವ ನೀನು ಪ್ರತಿರಾತ್ರಿ ಅದನ್ನು ಕಟ್ಟಿಕೊಳ್ಳುತ್ತೀಯಾ? ಎಷ್ಟು ನಿಖರವಾದ ಸಾಧನವೂ ಬೀರುವಿನಲ್ಲಿದ್ದರೆ ಅಳೆಯುವುದು ಸೊನ್ನೆ.

• ನಿದ್ದೆ ತರಿಸುತ್ತೇನೆ ಎನ್ನುವವುಗಳಿಗೆ ಇನ್ನೂ ಗಟ್ಟಿ ಪ್ರಶ್ನೆ ಕೇಳು. ಮೆಲ್ಲಗೆ ಕಂಪಿಸುವ ಕೈಪಟ್ಟಿ, ಹಣೆಗೆ ವಿದ್ಯುತ್ತಿನ ಮಿಡಿತ ಕೊಡುವ ಪಟ್ಟಿ, ನೀಲಿ ಬೆಳಕು ತಡೆಯುವ ಕನ್ನಡಕ ಎಲ್ಲವೂ ಮಾರುಕಟ್ಟೆಯಲ್ಲಿವೆ. ಪರೀಕ್ಷೆ ಮಾಡಿದವರು ಯಾರು? ಕಂಪನಿಯವರೇ ಮಾಡಿದ್ದೋ, ಹೊರಗಿನವರು ಮಾಡಿದ್ದೋ? ನಕಲಿ ಸಾಧನ ತೊಟ್ಟವರ ಜೊತೆ ಹೋಲಿಸಿದ್ದಾರೋ ಇಲ್ಲವೋ? ನೀಲಿ ಬೆಳಕಿನ ಕನ್ನಡಕದ ಬಗ್ಗೆ 2023ರಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಪರಿಶೀಲನೆಗೆ, ಅದರಿಂದ ನಿದ್ದೆ ಸುಧಾರಿಸುತ್ತದೆ ಎನ್ನಲು ಖಚಿತ ಆಧಾರ ಸಿಗಲಿಲ್ಲ. ಬೆಳಗ್ಗೆ ಎದ್ದು ಬಿಸಿಲಿಗೆ ಮುಖ ಕೊಡುವುದು ಪುಕ್ಕಟೆ, ಮೈಯ ಗಡಿಯಾರಕ್ಕೆ ಒಳ್ಳೆಯದೂ ಹೌದು.

ದುಡ್ಡು, ಬಾಳಿಕೆ, ಗುಟ್ಟು

• ಬೆಲೆಪಟ್ಟಿಯನ್ನಲ್ಲ, ಮೂರು ವರ್ಷದ ಖರ್ಚನ್ನು ನೋಡು. ಫಿನ್ಲೆಂಡಿನ ಔರಾ ಉಂಗುರ 2021ರಿಂದ ತಿಂಗಳಿಗೆ 5.99 ಡಾಲರ್ ಚಂದಾ ಕೇಳತೊಡಗಿತು. ಮೂರು ವರ್ಷಕ್ಕೆ ಅದೇ 215 ಡಾಲರ್ ದಾಟುತ್ತದೆ. ವೂಪ್ ಪಟ್ಟಿಯಂತೂ ಚಂದಾ ಇಲ್ಲದೆ ನಡೆಯುವುದೇ ಇಲ್ಲ. ಗ್ಯಾಲಕ್ಸಿ ರಿಂಗ್ 2024ರ ಅಕ್ಟೋಬರಿನಲ್ಲಿ ನಮ್ಮ ದೇಶಕ್ಕೆ ಬಂದಾಗ ಬೆಲೆ 38,999 ರೂಪಾಯಿ, ತಿಂಗಳ ಚಂದಾ ಇಲ್ಲ. ನಮ್ಮ ಬೆಂಗಳೂರಿನ ಅಲ್ಟ್ರಾಹ್ಯೂಮನ್ ಕೂಡ ಮೂಲ ಲೆಕ್ಕಗಳಿಗೆ ಚಂದಾ ಕೇಳದೆಯೇ ಹೆಸರು ಮಾಡಿದ್ದು. ಕೊಳ್ಳುವ ದಿನ ಷರತ್ತು ಏನಿದೆ ಎಂದು ಮತ್ತೊಮ್ಮೆ ಓದಿಕೋ.

• ಹೊರದೇಶಕ್ಕೆ ಕಳಿಸುವುದಾದರೆ ಅಲ್ಲಿ ಸೇವೆ ಸಿಗುತ್ತದೆಯೇ ವಿಚಾರಿಸು. ಔರಾದ ಪೇಟೆಂಟ್ ದೂರಿನ ಮೇಲೆ 2025ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಅಲ್ಟ್ರಾಹ್ಯೂಮನ್ ಉಂಗುರಗಳ ಆಮದಿಗೆ ತಡೆ ಹಾಕಿತು. ಡಲ್ಲಾಸಿನ ಅಣ್ಣನಿಗೆ ಉಡುಗೊರೆ ಒಯ್ಯುವ ಮುನ್ನ ಈಗಿನ ಸ್ಥಿತಿ ಕೇಳಿಕೋ.

• ಬ್ಯಾಟರಿ ಸತ್ತರೆ ಉಂಗುರ ಸತ್ತಂತೆ. ಅದನ್ನು ಬಿಚ್ಚಿ ಬೇರೆ ಬ್ಯಾಟರಿ ಹಾಕಲು ಬರುವುದಿಲ್ಲ. ವಾರಂಟಿ ಎಷ್ಟು ವರ್ಷ, ಬದಲಿ ಕೊಡುತ್ತಾರೋ ಇಲ್ಲವೋ ಬರಹದಲ್ಲಿ ನೋಡು. ಬಿಲ್ ಜೋಪಾನ ಮಾಡು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಚರ್ಮ ಸುಟ್ಟಂತಾದರೆ, ಸಾಧನ ಬಿಸಿಯಾದರೆ ಆ ಕ್ಷಣವೇ ಬಿಚ್ಚು. ಬ್ಯಾಟರಿ ಕಾದು ಸುಟ್ಟ ದೂರುಗಳಿಂದ 2022ರಲ್ಲಿ ಫಿಟ್‌ಬಿಟ್ ತನ್ನ ಅಯಾನಿಕ್ ಮಾದರಿಯ ಸುಮಾರು 17 ಲಕ್ಷ ವಾಚುಗಳನ್ನು ವಾಪಸ್ ಕರೆಸಿತ್ತು.

• ಕಂಪನಿ ಮುಚ್ಚಿದರೆ ಏನು ಗತಿ ಎಂದು ಕೇಳಿಕೋ. ಮನೆಯಲ್ಲೇ ಮಿದುಳಿನ ಅಲೆ ನೋಡುವ ಜಿಯೋ (Zeo) ತಲೆಪಟ್ಟಿ 2009ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. 2013ರ ಹೊತ್ತಿಗೆ ಕಂಪನಿಯೇ ಇರಲಿಲ್ಲ. ಕೈಪಟ್ಟಿಗೆ ಹೆಸರುವಾಸಿಯಾಗಿದ್ದ ಜಾಬೋನ್ ಕಂಪನಿ 2017ರಲ್ಲಿ ಬಾಗಿಲು ಹಾಕಿತು. ಫೋನಿನ ಆ್ಯಪ್ ನಿಂತರೆ ಕೈಯ ಪಟ್ಟಿ ಬರೀ ಪ್ಲಾಸ್ಟಿಕ್ಕು. ನಿನ್ನ ದಾಖಲೆಯನ್ನು ಫೈಲ್ ಮಾಡಿ ಇಳಿಸಿಕೊಳ್ಳಲು ಬಿಡುವ ಕಂಪನಿಯನ್ನೇ ಆರಿಸು.

• ಮಲಗುವ ಕೋಣೆಯ ಗುಟ್ಟು ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸು. ಯಾವಾಗ ಮಲಗಿದೆ, ನಾಡಿ ಯಾವಾಗ ಏರಿತು, ತಿಂಗಳ ಮುಟ್ಟು ಯಾವಾಗ, ಎಲ್ಲವೂ ಅವರ ಸರ್ವರಿನಲ್ಲಿ ಕೂರುತ್ತದೆ. ಇಂದು ನೀನು ನಂಬಿದ ಕಂಪನಿಯನ್ನು ನಾಳೆ ಬೇರೆಯವರು ಕೊಳ್ಳಬಹುದು. 2021ರ ಜನವರಿಯಲ್ಲಿ ಫಿಟ್‌ಬಿಟ್ ಗೂಗಲ್ ಪಾಲಾಯಿತು. ನಮ್ಮಲ್ಲೂ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ, ಆದರೂ ಖಾತೆಯನ್ನು ಪೂರ್ತಿ ಅಳಿಸುವ ಗುಂಡಿ ಎಲ್ಲಿದೆ ಎಂದು ಮೊದಲ ದಿನವೇ ಹುಡುಕಿಡು. ಆಫೀಸಿನವರೋ ವಿಮೆಯವರೋ ಪುಕ್ಕಟೆ ಕೊಟ್ಟ ಪಟ್ಟಿಯಾದರೆ, ಲೆಕ್ಕ ಅವರಿಗೂ ಕಾಣುತ್ತದೆಯೇ ಎಂದು ಬಾಯಿಬಿಟ್ಟು ಕೇಳು.

ಸಾಧನ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕಾದಾಗ

• ಅಳಿಯಂದಿರ ಗೊರಕೆಯನ್ನು ತಮಾಷೆ ಮಾಡಿ ಬಿಡಬೇಡ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಗಕ್ಕನೆ ಏಳುವುದು, ಹಗಲೆಲ್ಲ ತೂಕಡಿಕೆ ಇವು ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾದ ಲಕ್ಷಣ. ಡಾಕ್ಟರು ಬಳಸುವ ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳಿವೆ: ಗೊರಕೆ, ಹಗಲಿನ ಸುಸ್ತು, ಉಸಿರು ನಿಂತದ್ದನ್ನು ಕಂಡವರಿದ್ದಾರೆಯೇ, ಬಿಪಿ, ಅತಿಯಾದ ತೂಕ, ವಯಸ್ಸು 50 ದಾಟಿದೆಯೇ, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ಮೀರಿದೆಯೇ, ಗಂಡಸೇ. ಮೂರಕ್ಕೋ ಅದಕ್ಕಿಂತ ಹೆಚ್ಚಿನವಕ್ಕೋ ಹೌದು ಎಂದು ಬಂದರೆ ನಿದ್ದೆಯ ಪರೀಕ್ಷೆಗೆ ಕರೆದುಕೊಂಡು ಹೋಗು. ಗಾಡಿ ಓಡಿಸುವಾಗ ಕಣ್ಣು ಮುಚ್ಚಿಬರುತ್ತಿದ್ದರೆ ಒಂದು ದಿನವೂ ಕಾಯಬೇಡ. ಆಪ್ನಿಯಾ ಎಂದಾದರೆ ಮಲಗಿದಾಗ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರದಂಥ ಚಿಕಿತ್ಸೆಯುಂಟು, ಉಂಗುರ ಚಿಕಿತ್ಸೆಯಲ್ಲ.

• ವಾಚು ಏನೂ ಹೇಳಲಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಆಪ್ನಿಯಾದ ಸುಳಿವು ಕೊಡುವ ಸೌಲಭ್ಯಕ್ಕೆ ಎಫ್‌ಡಿಎ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಫೆಬ್ರವರಿಯಲ್ಲಿ ಸ್ಯಾಮ್‌ಸಂಗಿಗೆ, ಸೆಪ್ಟೆಂಬರಿನಲ್ಲಿ ಆ್ಯಪಲ್ಲಿಗೆ. ಎರಡೂ ನೋಡುವುದು ಮಧ್ಯಮದಿಂದ ತೀವ್ರದವರೆಗಿನ ತೊಂದರೆಯ ಸೂಚನೆಯನ್ನು. ಎಚ್ಚರಿಕೆ ಬಂದರೆ ಪರೀಕ್ಷೆ ಮಾಡಿಸು, ಬರದಿದ್ದರೂ ಲಕ್ಷಣವಿದ್ದರೆ ಮಾಡಿಸು. ನಿನ್ನ ಮಾದರಿಯಲ್ಲಿ, ನಮ್ಮ ದೇಶದಲ್ಲಿ ಆ ಸೌಲಭ್ಯ ತೆರೆದಿದೆಯೇ ಎಂದೂ ಖಚಿತಪಡಿಸಿಕೋ.

• ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದರೆ ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೆ ಮೊದಲು ಕೊಡಬೇಕಾದದ್ದು ಸಿಬಿಟಿ-ಐ ಎಂಬ ಮಾತಿನ ಮತ್ತು ಅಭ್ಯಾಸದ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘ ಎಸಿಪಿ 2016ರಲ್ಲಿ ಹೇಳಿತು. ಮಾತ್ರೆಯೂ ಆಮೇಲೆ, ಸಾಧನವೂ ಆಮೇಲೆ. ಬೆಂಗಳೂರಿನಲ್ಲಿದ್ದೀಯ, ನಿಮ್ಹಾನ್ಸ್ ಹತ್ತಿರವೇ ಇದೆ.

• ಪೇಸ್‌ಮೇಕರ್ ಇದ್ದವರಿಗೆ ಕೊಡಿಸುವ ಮುನ್ನ ಹೃದಯದ ಡಾಕ್ಟರನ್ನು ಕೇಳು. ವಾಚಿನಲ್ಲಿ, ಚಾರ್ಜರಿನಲ್ಲಿ ಅಯಸ್ಕಾಂತ ಇರುತ್ತದೆ.

• ನಿನ್ನ ತಮ್ಮನ ರಾತ್ರಿಪಾಳಿ ಮರೆಯಬೇಡ. ಹಗಲು ಮಲಗುವವರ ನಿದ್ದೆಯನ್ನು ಕೆಲವು ಸಾಧನಗಳು ಚಿಕ್ಕ ಜೋಂಪು ಎಂದು ಬರೆದುಕೊಳ್ಳುತ್ತವೆ, ಕೆಲವು ಬರೆದುಕೊಳ್ಳುವುದೇ ಇಲ್ಲ. ಅವನಿಗೆ ಕೊಳ್ಳುವುದಾದರೆ ಪಾಳಿ ನಿದ್ದೆಯನ್ನು ಸರಿಯಾಗಿ ಹಿಡಿಯುತ್ತದೆಯೇ ಎಂದು ವಾಪಸ್ ಕೊಡುವ ಗಡುವಿನೊಳಗೆ ಪರೀಕ್ಷಿಸಲಿ. ಅದಕ್ಕಿಂತ ಮೊದಲು ಕಿಟಕಿಗೆ ದಪ್ಪ ಪರದೆ ಹಾಕಲಿ.

ಕೊಂಡ ಮೇಲೆ

• ಬೆಳಗ್ಗೆ ಎದ್ದ ಕೂಡಲೇ ಸ್ಕೋರ್ ನೋಡಬೇಡ. ಮೊದಲು ನಿನ್ನ ಮೈಯನ್ನು ಕೇಳು, ಹೇಗಿದೆಯೆಂದು ಡೈರಿಯಲ್ಲಿ ಬರೆ, ಆಮೇಲೆ ಫೋನ್ ತೆರೆ. ಸ್ಕೋರ್ ಕಡಿಮೆ ಎಂದು ಗಾಬರಿಯಾಗಿ, ಆ ಗಾಬರಿಗೇ ನಿದ್ದೆಗೆಡುವವರನ್ನು ಅಮೆರಿಕದ ನಿದ್ರಾತಜ್ಞರು 2017ರಲ್ಲಿ ವಿವರಿಸಿ ಅದಕ್ಕೆ ಆರ್ಥೊಸೋಮ್ನಿಯಾ ಎಂದು ಹೆಸರಿಟ್ಟರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ಊರಿನವರು ನಾವು. ದುಡ್ಡು ಕೊಟ್ಟು ಚಿಂತೆ ಕೊಳ್ಳುವುದು ಬೇಡ.

• ಮೊದಲ ಎರಡು ವಾರ ಏನನ್ನೂ ಬದಲಿಸದೆ ಲೆಕ್ಕ ಮಾತ್ರ ಇಡು. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸು: ಎರಡು ವಾರ ಸಂಜೆ ಕಾಫಿ ಬಿಡು, ಮುಂದಿನ ಎರಡು ವಾರ ಊಟವನ್ನು ಎಂಟರೊಳಗೆ ಮುಗಿಸು. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ.

• ರಾತ್ರಿ ನೋಟಿಫಿಕೇಷನ್ ಎಲ್ಲ ಆರಿಸು. ನಿದ್ದೆಗೆಂದು ತಂದ ವಾಚೇ ಮಧ್ಯರಾತ್ರಿ ಆಫೀಸಿನ ಮೆಸೇಜ್ ತಂದು ಮಣಿಕಟ್ಟು ಕುಟುಕಬಾರದು.

• ಮೂರು ತಿಂಗಳಾದ ಮೇಲೆ ನಿನ್ನನ್ನೇ ಕೇಳಿಕೋ: ಇದನ್ನು ನೋಡಿ ನಾನು ಬದಲಿಸಿದ್ದು ಏನು? ಹೇಳಲು ಒಂದಾದರೂ ಇದ್ದರೆ ಇಟ್ಟುಕೋ. ಇಲ್ಲವಾದರೆ ಚಂದಾ ನಿಲ್ಲಿಸಿ, ಖಾತೆ ಅಳಿಸಿ, ಬೇಕಾದವರಿಗೆ ಕೊಟ್ಟುಬಿಡು.

• ಇನ್ನು ನೀನು ಕೇಳಿದ ಪ್ರಶ್ನೆ. ಈ ತಿಂಗಳು ನಿನಗೆ ಏನೂ ಬೇಡ. ಡೈರಿ, ಕಣ್ಣುಪಟ್ಟಿ, ಕಿವಿಬಿರಡೆ ಸಾಕು. ಆಮೇಲೂ ಆಸೆ ಉಳಿದರೆ, ವಾಚು ಕಟ್ಟಿ ಮಲಗಲಾರದ ನಿನಗೆ ಚಂದಾ ಇಲ್ಲದ ಉಂಗುರವೇ ವಾಸಿ. ಅಳಿಯಂದಿರಿಗೆ ಉಂಗುರ ಬೇಡ, ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೋ. ಆ ಫೋನನ್ನು ಇವತ್ತೇ ಮಾಡು. ನಿಮ್ಮಪ್ಪನಿಗೆ ದೊಡ್ಡ ಅಕ್ಷರದ ಸಾದಾ ವಾಚು ಸಾಕು, ಅದರಲ್ಲಿ ನಿದ್ದೆಯ ಸ್ಕೋರ್ ಕಾಣದ ಹಾಗೆ ಮಾಡಿ ಕೊಡು.